ಆಲ್ಮಾ ಎಂದು ಕರೆಯದ ಮನೆ

"ನೀಲಗಂಗಾ, ಬಲಗಾಲಿಟ್ಟು ಒಳಗ ಬಾರವಾ."

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು. ಅದನ್ನು ಒದ್ದು ಒಳಗೆ ಬರಬೇಕಾದ ಮದುಮಗಳು ಕಾಲೆತ್ತಲಿಲ್ಲ. ನೀಲಗಂಗಾ ಎಂಬ ಹಿರಿಯಳು ಯಾರೋ ತನ್ನ ಬೆನ್ನ ಹಿಂದೆ ನಿಂತಿದ್ದಾಳೆಂದು ತಿಳಿದು, ಪಾಪ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಓಣಿಯ ಹೆಂಗಸರು ಕಿಸಕ್ಕನೆ ನಕ್ಕರು. ನಗದವರು ಇಬ್ಬರೇ. ಒಬ್ಬಳು ಆರತಿ ಹಿಡಿದು ಒಳಗೆ ನಿಂತಿದ್ದ ಅತ್ತೆ ಗದಿಗೆವ್ವ. ಇನ್ನೊಬ್ಬ ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ ಮದುಮಗ ಅಂದಪ್ಪ ಮಾಸ್ತರ. ಹೆಂಡತಿ ಸರಿದು ಖಾಲಿ ಮಾಡಿದ ಆ ಒಂದು ಮೊಳ ಜಾಗವನ್ನು ಅವನು ನೋಡಿದ. ಮುಖ ಬಿಳಚಿಕೊಂಡಿತು.

"ನಿನಗ ಅಂದದ್ದವಾ," ಎಂದಳು ಗದಿಗೆವ್ವ. "ಇವತ್ತಿನಿಂದ ನೀನ ನೀಲಗಂಗಾ. ಸೇರು ಒದಿ."

"ಅತ್ತೀ, ನನ್ನ ಹೆಸರು ಆಲ್ಮಾ ಅಂತ್ರಿ."

"ಅದು ನಿಮ್ಮ ಬೆಟಗೇರ್ಯಾಗ. ಸಾಂಗ್ಲಿ ರಾಜರ ಶಿರಹಟ್ಟಿ ಹೋಗಿ ಮುಂಬೈ ಸರಕಾರದ ಶಿರಹಟ್ಟಿ ಆತು. ಊರಿಗೆ ಊರ ಧಣಿ ಹೆಸರು ಬದಲಿಸ್ಕೊಂಡು ಸುಮ್ನ ಕುಂತೈತಿ. ನೀ ಒಬ್ಬಾಕಿ ಬದಲಿಸ್ಕೊಂಡ್ರ ಏನು ಮುಳಗತೈತಿ?"

ಹೀಗೆ ಸೇರು ಒದ್ದು ಒಳಗೆ ಹೋದವಳ ಕೊರಳಿಗೆ ಗದಿಗೆವ್ವ ತಾಳಿಯ ಪಕ್ಕದಲ್ಲೇ ಒಂದು ಬೆಳ್ಳಿಯ ಬಿಲ್ಲೆ ಕಟ್ಟಿದಳು. ಸತ್ತ ಸವತಿಯ ಬಿಲ್ಲೆ. ಎರಡನೇ ಸಂಬಂಧಕ್ಕೆ ಬಂದವಳು ಅದನ್ನು ಕಟ್ಟಿಕೊಳ್ಳುವುದು, ಹೊಸ ಸೀರೆ ಉಡುವ ಮೊದಲು ಬಿಲ್ಲೆಗೆ ಮುಟ್ಟಿಸುವುದು, ಮೊದಲ ತುತ್ತು ಅವಳ ಹೆಸರಿಗೆ ತೆಗೆದಿಡುವುದು ಆ ಕಡೆ ಇರುವ ಪದ್ಧತಿಯೇ. ಆದರೆ ಈ ಮನೆತನದವರದು ಇನ್ನೂ ಒಂದು ಹೆಜ್ಜೆ ಮುಂದೆ. ಸತ್ತವಳ ಹೆಸರನ್ನೇ ಬಂದವಳಿಗೆ ತೊಡಿಸಿಬಿಡುತ್ತಿದ್ದರು. ತನ್ನ ಜಾಗಕ್ಕೆ ಬೇರೊಬ್ಬಳು ಬಂದಳೆಂದು ಸತ್ತವಳಿಗೆ ತಿಳಿಯಬಾರದು. ತಿಳಿದರೆ ಬಂದವಳನ್ನು ಬಿಡುವುದಿಲ್ಲ, ಜೊತೆಗೆ ಕರೆದುಕೊಂಡೇ ಹೋಗುತ್ತಾಳೆ ಎಂದು ಹೇಳುತ್ತಿದ್ದರು.

ನೀಲಗಂಗಾ ಸತ್ತು ಎರಡು ವರ್ಷವಾಗಿತ್ತು. ಗದಿಗೆವ್ವನ ತಮ್ಮನ ಮಗಳು ಅವಳು. ಮೂರು ವರ್ಷದ ಕೂಸಿದ್ದಾಗಿನಿಂದ ಈ ಮನೆಯಲ್ಲೇ, ಅತ್ತೆಯ ಸೆರಗು ಹಿಡಿದೇ ಬೆಳೆದವಳು. ಒಳಕೋಣೆಯಲ್ಲಿ ಹೆರಿಗೆಯಾಗದೆ ಕೂಸಿನ ಸಮೇತ ಹೋಗಿಬಿಟ್ಟಿದ್ದಳು. ಅವಳಿಗೆ ಮಣ್ಣು ಕೊಟ್ಟ ದಿನ ಊರೇ ಅತ್ತಿತು, ಗದಿಗೆವ್ವ ಮಾತ್ರ ಅಳಲಿಲ್ಲ. ಕಲ್ಲಿನಂತೆ ಕೂತಿದ್ದವಳು ಸಂಜೆಗೆ ಎದ್ದು ಒಲೆ ಹಚ್ಚಿದಳಂತೆ.

ಇನ್ನು ನಮ್ಮ ಹುಡುಗಿಯ ಹೆಸರಿನ ಕಥೆ. ಬೆಟಗೇರಿಯ ನೇಕಾರ ಮುದಕಪ್ಪನ ಹೆಂಡತಿಗೆ ಹುಟ್ಟಿದ ಮೂರು ಕೂಸು ಹೋದ ಮೇಲೆ ನಾಲ್ಕನೆಯದು ಉಸಿರಾಡದೆ ಹುಟ್ಟಿತು. ಮಿಶನ್ ದವಾಖಾನೆಯ ಬಿಳಿಯ ನರ್ಸಬಾಯಿ ಒಬ್ಬಳು ಅದರ ಬಾಯಿಗೆ ಬಾಯಿಟ್ಟು ಊದಿ ಊದಿ ಅಳಿಸಿದಳು. ಅವಳ ಹೆಸರು ಆಲ್ಮಾ. ಸ್ವಿಟ್ಜರ್‌ಲೆಂಡ್ ಎಂಬ ದೇಶದವಳು. "ಉಸಿರು ಕೊಟ್ಟಾಕೀದ ಹೆಸರು" ಎಂದು ಮುದಕಪ್ಪ ಅದನ್ನೇ ಇಟ್ಟ. ಓಣಿಯವರ ಬಾಯಿಯಲ್ಲಿ ಆಲ್ಮವ್ವ ಆಯಿತು. ಅರ್ಥ ಏನೆಂದು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೇಕಾದದ್ದು ಒಬ್ಬನಿಗೆ ಮಾತ್ರ. ಹೆಣ್ಣು ನೋಡಲು ಬಂದ ದಿನ ಅಂದಪ್ಪ ತಲೆ ತಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದವನು, ಹೆಸರು ಕೇಳಿದ ಕೂಡಲೇ ತಲೆ ಎತ್ತಿದ್ದ.

"ಹಂಗಂದ್ರ ಏನರ್ಥರಿ?"

"ನನಗೂ ಗೊತ್ತಿಲ್ಲರಿ. ಯಾರರ ಕರದ್ರ ಓ ಅಂತೀನಿ, ಅಷ್ಟ."

ಅವನು ನಕ್ಕಿದ್ದ. ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿ, ಸೀಮೆಸುಣ್ಣ ಹತ್ತಿದ ಬೆರಳು, ಎರಡು ವರ್ಷದ ದುಃಖ ಕೂತಿದ್ದ ಕಣ್ಣು. ಆ ಒಂದು ನಗುವಿಗೇ ಆಲ್ಮಾ ಎರಡನೇ ಸಂಬಂಧಕ್ಕೆ ಹೂಂ ಅಂದದ್ದು. ಅವನ ಬಾಯಿಂದ ತನ್ನ ಹೆಸರು ಕೇಳಬೇಕು ಎಂಬ ಆಸೆ ಅವತ್ತೇ ಹುಟ್ಟಿತ್ತು.

ಆ ಆಸೆ ಮಾತ್ರ ಕೈಗೂಡಲಿಲ್ಲ. ಅವನು ಅವಳನ್ನು ನೀಲಗಂಗಾ ಎನ್ನಲಿಲ್ಲ, ಆಲ್ಮಾ ಎಂದೂ ಅನ್ನಲಿಲ್ಲ. ನೀರು ಬೇಕಾದರೆ ತಂಬಿಗೆಯ ಮೇಲೆ ಉಂಗುರದಿಂದ ಟಣ್ ಎನಿಸುವನು. ಕೋಟು ಬೇಕಾದರೆ ಕೆಮ್ಮುವನು.

"ಯಾರ್ನ ಕರದ್ರಿ?" ಎಂದು ಅವಳು ಸೊಂಟಕ್ಕೆ ಕೈಯಿಟ್ಟು ಕೇಳುವಳು.

"ಇಲ್ಲಿ ಇದ್ದವರನ್ನ."

"ಇಲ್ಲಿ ಬೆಕ್ಕೂ ಐತ್ರಿ."

"ಬೆಕ್ಕು ಇಷ್ಟು ಮಾತಾಡಂಗಿಲ್ಲ." ಹಾಗನ್ನುತ್ತ ಓರೆಗಣ್ಣಿನಲ್ಲಿ ನೋಡುವನು. ಆ ನೋಟಕ್ಕೆ ಅವಳ ಕಿವಿಯವರೆಗೂ ಬಿಸಿಯೇರುವುದು. ಅವಳು ಬಾಗಿ ತಂಬಿಗೆ ಇಡುವಾಗ ಅವನ ಬೆರಳು ಅವಳ ಬಳೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುವುದು. ಲೆಕ್ಕ ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸುವುದು. ಮಾಸ್ತರಿಗೆ ಹನ್ನೆರಡು ಬಳೆಯ ಲೆಕ್ಕ ತಪ್ಪುತ್ತದೆಯೇ? ನೀವೇ ಹೇಳಿ.

ಅಷ್ಟರಲ್ಲಿ ಒಳಗಿನಿಂದ ಕೂಗು ಬರುವುದು. "ನೀಲಾ, ಒಲಿ ಮುಂದ ಬಾ." ಅವನ ಕೈ ಬಿಸಿ ತಾಗಿದಂತೆ ಹಿಂದಕ್ಕೆ ಹೋಗುವುದು.

ಗದಿಗೆವ್ವ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಸೊಸೆಯ ತಲೆ ಬಾಚುವಳು, ಎಣ್ಣೆ ಹಚ್ಚುವಳು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಾನೇ ಬಾಯಿಗಿಡುವಳು. "ನಿನಗ ಹೆಸರುಕಾಳಿನ ಪಲ್ಯ ಸೇರಂಗಿಲ್ಲಲ್ಲ" ಅನ್ನುವಳು. ಆಲ್ಮಾಗೆ ಅದು ಪ್ರಾಣ. ಸೇರದಿದ್ದದ್ದು ಮಣ್ಣಿನಲ್ಲಿ ಮಲಗಿದವಳಿಗೆ. "ಸಣ್ಣಾಕಿದ್ದಾಗ ನೀ ಹಿತ್ತಲ ಕಟ್ಟಿಮ್ಯಾಲಿಂದ ಬಿದ್ದಿದ್ದೆಲ್ಲ, ಆ ಕಲಿ ಇನ್ನೂ ಐತೇನು?" ಎಂದು ಅವಳ ಹಣೆಯಲ್ಲಿ ಇಲ್ಲದ ಗಾಯದ ಕಲೆಯನ್ನು ಹುಡುಕುವಳು. ಆ ಒಣ ಬೆರಳುಗಳು ಹಣೆಯ ಮೇಲೆ ಓಡಾಡುವಾಗ ಆಲ್ಮಾಗೆ ಬೆನ್ನು ತಣ್ಣಗಾಗುತ್ತಿತ್ತು.

ಓಣಿಯವರೂ ಅಷ್ಟೇ. ಯಾರೂ ಹೊಸಬಳನ್ನು ಹೊಸಬಳಂತೆ ನೋಡಲಿಲ್ಲ. ಅಂಜಿದ್ದರು. ಒಂದು ವರ್ಷ ದಾಟಲಿ, ಆಮೇಲೆ ನೋಡೋಣ ಎಂದು ಪಿಸುಗುಟ್ಟುತ್ತಿದ್ದರು.

ಪಂಚಮಿಗೆ ಕರೆಯಲು ಮುದಕಪ್ಪ ಬಂದ. ಅಂಗಳ ಗುಡಿಸುತ್ತಿದ್ದ ಮಗಳನ್ನು ಕಂಡು ಬಾಗಿಲಿನಿಂದಲೇ "ಆಲ್ಮಾ" ಎಂದ. ಅವಳು ಗುಡಿಸುತ್ತಲೇ ಇದ್ದಳು. ಎರಡನೇ ಸಲ ಕರೆದ, ಅವಳು ತಿರುಗಲಿಲ್ಲ. ಮೂರನೆಯ ಸಲ ಹತ್ತಿರ ಬಂದು ಭುಜ ಮುಟ್ಟಿದಾಗ ಬೆಚ್ಚಿ ತಿರುಗಿದಳು.

"ಯಾಕವಾ, ಕಿವಿ ಕೇಳಸವೊಲ್ದೇನು?"

ಕಿವಿ ಕೇಳಿಸಿತ್ತು. ಯಾರನ್ನೋ ಕರೆಯುತ್ತಿದ್ದಾರೆ ಎಂದು ಕೇಳಿಸಿತ್ತು. ಪೊರಕೆ ಕೆಳಗೆ ಹಾಕಿ ಅಪ್ಪನ ಕೈ ಹಿಡಿದುಕೊಂಡಳು. ಮೂರು ತಿಂಗಳು, ಬರೀ ಮೂರು ತಿಂಗಳಿನಲ್ಲಿ ಇಷ್ಟು ಸವೆದೆನೇ ನಾನು ಎಂದು ಒಳಗೇ ಅತ್ತಳು. ತವರಿನಲ್ಲಿ ಎಂಟು ದಿನವಿದ್ದು ಬಂದ ಮೇಲೂ ಆ ಅಂಜಿಕೆ ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ಬಸುರಾಗಿದ್ದಳು.

ಇನ್ನೊಂದು ಸಂಕಟವೂ ಇತ್ತು. ಆಗಾಗ ಆದಿತ್ಯವಾರ ಬೆಳಿಗ್ಗೆ ಅಂದಪ್ಪ ಸೈಕಲ್ ಹತ್ತಿ ಹೋದರೆ ಸಂಜೆಗೇ ಬರುತ್ತಿದ್ದ. ಎಲ್ಲಿಗೆ ಎಂದರೆ "ಕೆಲಸ ಇತ್ತು" ಎನ್ನುವನು. ಗದಿಗೆವ್ವನನ್ನು ಕೇಳಿದರೆ ಅವಳು ಸಮಾಧಾನವಾಗಿ, "ಎಲ್ಲಿಗೆ ಹೋಗ್ತಾನು? ಅಕೀ ಗೋರಿ ಹತ್ತರ ಕುಂತು ಬರತಾನ" ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡು, "ಯಾರ ಗೋರಿ? ನನಗ ಅರವು ಮರವು" ಎಂದು ಒಳಗೆ ಹೋದಳು.

ಹೌದು, ಅವನಿಗೆ ಅವಳ ಮೇಲೇ ಜೀವ. ಅದಕ್ಕೇ ನನ್ನ ಹೆಸರು ಬಾಯಿಗೆ ಬರುವುದಿಲ್ಲ. ಆಲ್ಮಾ ಹಾಗೆಂದುಕೊಂಡಳು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಕರ್ಮ! ಆದರೂ ಪಟ್ಟಳು.

ಫೆಬ್ರುವರಿಯಲ್ಲಿ ಖಾನೇಶುಮಾರಿ ಬಂತು. ಸ್ವರಾಜ್ಯ ಬಂದ ಮೇಲೆ ಮೊದಲ ಸಲ ತಲೆ ಎಣಿಸುವುದು. ಮಾಸ್ತರರಿಗೇ ಆ ಕೆಲಸ. ಹೆಂಗಸರನ್ನು ಇಂಥವನ ಹೆಂಡತಿ ಎಂದು ಬರೆಯಬಾರದು, ಅವರವರ ಹೆಸರನ್ನೇ ಬರೆಯಬೇಕು ಎಂದು ಅಂದಪ್ಪ ಓಣಿಯಲ್ಲಿ ಮನೆಮನೆಗೆ ಹೇಳಿಕೊಂಡು ಬಂದ. ಅದು ಕಿವಿಗೆ ಬಿದ್ದಾಗ ಆರು ತಿಂಗಳ ಬಸುರಿ ಆಲ್ಮಾಗೆ ಮೈಯಲ್ಲಿ ಹೊಸ ರಕ್ತ ಹರಿದಂತಾಯಿತು. ಬಾಯಿಂದ ಅನ್ನದಿದ್ದರೆ ಬೇಡ, ಕೈಯಿಂದಾದರೂ ಬರೆಯುತ್ತಾನಲ್ಲ! ತಲೆ ಬಾಚಿಕೊಂಡು ಬಾಗಿಲಲ್ಲಿ ಕಾದಳು.

ಕೊನೆಗೆ ಅವನು ತನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಕಾಗದ ತೆರೆದ. ತಾಯಿಯ ಹೆಸರು ಬರೆದ. ಹೆಂಡತಿಯ ಸರದಿ ಬಂತು. ಲೇಖಣಿ ನಿಂತಿತು.

"ನೀಲಗಂಗಾ," ಎಂದಳು ಒಳಗಿನಿಂದ ಗದಿಗೆವ್ವ.

ಅಂದಪ್ಪ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಿನಲ್ಲೇ ಬೇಡಿಕೊಂಡಳು. ಅವನು ಕಣ್ಣು ತಗ್ಗಿಸಿ ಬರೆದ. ಆಲ್ಮಾಗೆ ಓದು ಬರುತ್ತಿತ್ತು, ಮಿಶನ್ ಶಾಲೆಯಲ್ಲಿ ಮೂರು ವರ್ಷ ಕಲಿತವಳು. ತಲೆಕೆಳಗಾಗಿ ಕಂಡರೂ ಅಕ್ಷರ ಗುರುತಾದವು. ನೀಲಗಂಗವ್ವ.

ಸರಕಾರದ ಕಾಗದದಲ್ಲೂ ಸತ್ತವಳೇ ಬದುಕಿದಳು. ಬದುಕಿದ್ದವಳ ಸುದ್ದಿಯೇ ಇಲ್ಲ.

ಮರುದಿನ ಅವನು ಶಾಲೆಗೆ ಹೋದ ಮೇಲೆ ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಗದಗಿನ ದಾರಿ ಹಿಡಿದಳು. ಊರು ದಾಟಿ ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ಶಾಲೆಗೆ ಯಾರು ಸುದ್ದಿ ಮುಟ್ಟಿಸಿದರೋ, ಹಿಂದೆ ಸೈಕಲ್ ಗಂಟೆ ಕೇಳಿಸಿತು. ಒಂದು ಸಲ, ಎರಡು ಸಲ. ಹೆಸರು ಹಿಡಿದು ಕರೆದರೆ ನಿಲ್ಲುತ್ತೇನೆ ಎಂದುಕೊಂಡು ನಡೆದಳು. ಅವನು ಕರೆಯಲಿಲ್ಲ. ಮುಂದೆ ಬಂದು ಸೈಕಲ್ ಅಡ್ಡ ಹಾಕಿದ.

"ಎಲ್ಲಿಗೆ?" ಅವನಿಗೆ ಉಸಿರು ಹತ್ತುತ್ತಿರಲಿಲ್ಲ.

"ಬೆಟಗೇರಿಗೆ. ಅಲ್ಲೆ ಆಲ್ಮಾ ಅಂತ ಒಬ್ಬಾಕಿ ಇದ್ಲು. ಇನ್ನೂ ಅದಾಳೇನು ನೋಡಾಕ."

ಅವನು ಕೋಟಿನ ಒಳಜೇಬಿನಿಂದ ಒಂದು ಸಣ್ಣ ನೋಟಬುಕ್ ತೆಗೆದು ಅವಳ ಕೈಗಿಟ್ಟ. ಮೊದಲ ಹಾಳೆಯ ಮೇಲೆ ದುಂಡಗೆ, ಹುಡುಗರಿಗೆ ಕರಿಹಲಗೆಯ ಮೇಲೆ ಬರೆದುಕೊಡುವಂತೆ ಬರೆದಿತ್ತು: ಆಲ್ಮಾ. ಕೆಳಗೆ ಮತ್ತೆ ಆಲ್ಮಾ. ಪುಟದ ತುಂಬ ಅದೇ.

"ಆದಿತ್ಯವಾರ ಎಲ್ಲಿಗೆ ಹೋಗ್ತಿದ್ದೆ ಅಂತ ಕೇಳ್ತಿದ್ದೆಲ್ಲ, ಇದಕ್ಕ ಹೋಗ್ತಿದ್ದೆ," ಎಂದ. "ಅರ್ಥ ಗೊತ್ತಿಲ್ಲ ಅಂದಿದ್ದಿ ನೀ. ಹುಡುಕಿ ತಂದು ನಿನಗ ಕೊಡಬೇಕು ಅನಸ್ತು. ಬೆಟಗೇರಿ ಪಾದ್ರಿಗಳನ್ನ ಕೇಳಿದೆ. ಲ್ಯಾಟಿನ್ ಅಂತ ಹಳೇ ಭಾಷಿ ಐತಂತ, ಅದರಾಗ ಸಲಹಾಕಿ, ಉಣಿಸಾಕಿ. ಯೆಹೂದ್ಯರ ಭಾಷಿಯೊಳಗ ಅಂಥಾದ ಇನ್ನೊಂದು ಮಾತು, ಹರೇದ ಹುಡಿಗಿ ಅಂತ."

"ಮತ್ತ?" ಅವಳಿಗೆ ತಿಳಿಯದಂತೆಯೇ ಗಂಟು ಕೆಳಗೆ ಇಳಿದಿತ್ತು.

"ಲಕ್ಷ್ಮೇಶ್ವರದಾಗ ಒಬ್ಬರು ಹಿರೇ ಮೌಲ್ವಿ ಅದಾರ. ಅರಬ್ಬಿಯೊಳಗ ನೀರಿಗೆ ಹಿಂಗ ಅಂತಾರಂತ. ನೀರಡಿಸಿ ಹೊಂಟಾವ ಬೆರಳು ಮಾಡಿ, ಅಕಾ ನೀರು ಅಂದಂಗ ಆತು, ಭಾಳ ಚಲೋ ಹೆಸರು ಮಾಸ್ತರ, ಅಂದ್ರು."

ಆಲ್ಮಾ ಆ ಹಾಳೆಯ ಮೇಲೆ ಬೆರಳಾಡಿಸಿದಳು. ಇಷ್ಟು ದಿನ ತಾನು ಗೋರಿ ಎಂದುಕೊಂಡದ್ದು ಇದನ್ನೇ! ಅವನ ಎದೆಗೆ ಹಣೆ ಹಚ್ಚಬೇಕೆನಿಸಿತು. ಹಾಡುಹಗಲು, ದಾರಿ ಎಂದು ಸುಮ್ಮನಾದಳು. ನೋಟಬುಕ್ಕಿನ ಇನ್ನೊಂದು ಹಾಳೆ ಮಡಚಿತ್ತು.

"ಇದರಾಗ ಏನೈತ್ರಿ?"

"ಅದು ಬ್ಯಾಡ."

"ನನ್ನ ಹೆಸರು. ನನಗ ಗೊತ್ತಿರಬೇಕು."

ಅವನು ದಾರಿಯ ಕಡೆ ನೋಡುತ್ತ ಹೇಳಿದ. "ಗದಗ ಸ್ಟೇಶನ್ನಿನಾಗ ಗೋವಾದ ಗಾರ್ಡ್ ಒಬ್ಬ ಸಿಕ್ಕಿದ್ದ. ಪೋರ್ತುಗೀಜರ ಮಾತಿನಾಗ ಆಲ್ಮಾ ಅಂದ್ರ ಜೀವ ಅಂದ. ಖುಶಿ ಆತು. ಆಮ್ಯಾಲ ಅಂದ, ಸತ್ತ ಮ್ಯಾಲ ದಾರಿ ಸಿಗದ ಮನಿ ಮನಿ ಸುತ್ತತಾವಲ್ಲ, ಅವಕ್ಕೂ ಹಂಗ ಅಂತೀವಿ ಅಂತ. ನಮ್ಮ ಮನ್ಯಾಗ ಮೊದಲ ಒಂದು ಐತಿ. ನಾ ಆಲ್ಮಾ ಅಂತ ಕರದ್ರ ಯಾವಾಕಿ ಓ ಅಂತಾಳು?"

ಬಿಸಿಲಿತ್ತು. ಆದರೂ ಅವಳ ಮೈಮೇಲೆ ಮುಳ್ಳೆದ್ದವು.

"ನೀವು ಮಾಸ್ತರು. ದೆವ್ವ ಇಲ್ಲ ಅಂತ ಹುಡುಗರಿಗೆ ಕಲಸ್ತೀರಿ."

"ಹುಡುಗರಿಗೆ ಕಲಸೂದು ಬ್ಯಾರೆ. ನಾ ಒಮ್ಮಿ ಆ ಒಳಕೋಣಿ ಬಾಗಿಲ ಹೊರಗ ನಿಂತಾವ. ಒಳಗಿಂದ ಸಪ್ಪಳ ನಿಂತದ್ದು ಕೇಳೀನಿ. ಯಾರರ ಹುಡುಕಿಕೊಂಡು ಬಂದ್ರ ನೀಲಗಂಗಾನ ಸಿಗಲಿ, ನೀ ಸಿಗಬ್ಯಾಡ ಅಂತ ಕಾಗದದಾಗ ಹಂಗ ಬರದೆ. ಸರಕಾರಕ್ಕ ಸುಳ್ಳು ಹೇಳಿದೆ. ನಿನ್ನ ಮುಚ್ಚಿಟ್ಟೀನಿ, ತಿಳೀತಿಲ್ಲೋ?"

"ಮುಚ್ಚಿಟ್ಟಿದ್ದು ಮುಗ್ಗಲ ಹಿಡಿತೈತ್ರಿ," ಎಂದಳು ಅವಳು. "ನಮ್ಮಪ್ಪ ಕರದ್ರೂ ನನಗ ಗುರುತು ಹತ್ತಲಿಲ್ಲ. ಅಕಿ ಒಯ್ಯೂದು ಬ್ಯಾಡ, ನೀವ ಕೊಡಾಕತ್ತೀರಿ. ಒಂದ ಸಲ ಕರೀರಿ ನನ್ನ."

ಅವನು ಬಾಯಿ ತೆರೆದ. ತುಟಿ ಅಲುಗಿದವು. ದನಿ ಹೊರಡಲಿಲ್ಲ, ಕಣ್ಣೀರು ಹೊರಟಿತು. "ಕೂಸು ಹುಟ್ಟಲಿ. ನೀ ಉಳಿ. ಆಮ್ಯಾಲ ದಿನಾ ಕರೀತೀನಿ."

ಸಿಟ್ಟು ಬಂತು ಅವಳಿಗೆ. ಇಂಥ ಪುಕ್ಕಲ ಗಂಡನ ಮೇಲೆ ಪ್ರೀತಿಯೂ ಉಕ್ಕಿ ಬಂತು. ಯಾವುದು ಹೆಚ್ಚೆಂದು ತಿಳಿಯದೆ, ಗಂಟನ್ನು ಅವನ ಸೈಕಲ್ಲಿಗೆ ನೇತುಹಾಕಿ ಅವನ ಜೊತೆ ತಿರುಗಿ ನಡೆದಳು.

ಮೇ ತಿಂಗಳ ಸುಡುವ ಒಂದು ದಿನ ನೋವು ಕಾಣಿಸಿತು. ತಾಯಿ ಇಲ್ಲದ ತವರು, ಹೀಗಾಗಿ ಬಾಣಂತನ ಶಿರಹಟ್ಟಿಯಲ್ಲೇ. ಗದಿಗೆವ್ವ ಅದೇ ಒಳಕೋಣೆಯಲ್ಲಿ ಹಾಸಿದಳು. ಸೂಲಗಿತ್ತಿ ದುರಗವ್ವ ಬಂದಳು. ಒಂದು ದಿನ ಕಳೆಯಿತು. ಎರಡನೆಯ ದಿನ ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕೂತರು. ಎಲ್ಲರಿಗೂ ಹಿಂದಿನದೇ ನೆನಪು.

"ನೀಲಾ, ತಡಕೋ. ನೀಲಾ, ಕಣ್ಣು ತಗಿ," ಎಂದು ಗದಿಗೆವ್ವ ಕೆನ್ನೆ ತಟ್ಟುತ್ತಿದ್ದಳು.

ಆಲ್ಮಾಗೆ ನೋವು ದೂರವಾಗತೊಡಗಿತ್ತು. ಮೂಲೆಯಲ್ಲಿ, ಕಾಳಿನ ಗಡಿಗೆಗಳ ಹತ್ತಿರ, ಹಸಿರು ಇಳಕಲ್ ಸೀರೆಯವಳು ಒಬ್ಬಳು ಕೂತಿದ್ದಳು. ಹಣೆಯಲ್ಲಿ ಹಳೆಯ ಕಲೆ. ಗದಿಗೆವ್ವ ನೀಲಾ ಎಂದಾಗಲೆಲ್ಲ ಅವಳು ಓ ಎನ್ನುತ್ತಿದ್ದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ದಣಿವಿತ್ತು. ಕರೆಯುವುದನ್ನು ಬಿಟ್ಟರೆ ಎದ್ದು ಹೋಗುತ್ತಿದ್ದೆ ಎನ್ನುವಂಥ ದಣಿವು.

ಹೌದಲ್ಲ, ಎಂದುಕೊಂಡಳು ಆಲ್ಮಾ. ಇವರು ಕರೆಯುತ್ತಿರುವುದು ಅವಳನ್ನು. ನನ್ನನ್ನು ಯಾರೂ ಕರೆಯುತ್ತಿಲ್ಲ. ಯಾರೂ ಕರೆಯದ ಮೇಲೆ ಇಲ್ಲಿ ಇದ್ದು ಮಾಡುವುದೇನು? ಕಣ್ಣು ತಾವಾಗಿಯೇ ಮುಚ್ಚಿದವು.

ದುರಗವ್ವ ಬಾಗಿಲು ಸರಿಸಿ ಹೊರಗೆ ತಲೆ ಹಾಕಿದಳು. "ಮಾಸ್ತರ, ಹುಡುಗಿ ಕೈ ಬಿಟ್ಟೈತ್ರಿ. ಕರದ್ರ ಓ ಅನವೊಲ್ದು."

ಒಳಗಿನ ಸಪ್ಪಳ ನಿಂತಿತ್ತು. ಅದೇ ಬಾಗಿಲು. ಅಂದಪ್ಪ ಎದ್ದು ಬಂದು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದ. ಓಣಿಗೆ ಓಣಿಯೇ ನಾಚುವಂತೆ ಕೂಗಿದ.

"ಆಲ್ಮಾ!"

ಕಟ್ಟೆಯ ಮೇಲಿನ ಗಂಡಸರು ತಲೆ ತಗ್ಗಿಸಿದರು. ಹೆರುವ ಹೆಂಡತಿಯನ್ನು ಹೆಸರು ಹಿಡಿದು ಕೂಗುವ ಗಂಡನನ್ನು ಅವರು ಕಂಡವರಲ್ಲ. ಅವನು ನೋಡಲಿಲ್ಲ. "ಆಲ್ಮಾ! ಏ ಆಲ್ಮಾ! ನಾ ಕರೀಲಿಕ್ಕತ್ತೀನಿ, ಆಲ್ಮಾ!"

ಬಹಳ ದೂರ ಹೋಗಿದ್ದಳು ಅವಳು. ಅಲ್ಲಿಗೇ ಕೇಳಿಸಿತು. ಯಾರನ್ನು ಕರೆಯುತ್ತಿದ್ದಾರೆ ಎಂದು ಈ ಸಲ ಅನುಮಾನ ಬರಲಿಲ್ಲ. ಮೂಲೆಯ ಕಡೆ ನೋಡಿದಳು. ಹಸಿರು ಸೀರೆಯವಳು ಬಾಯಿ ತೆರೆಯಲಿಲ್ಲ. ನಿನ್ನನ್ನೇ, ಎನ್ನುವಂತೆ ಗದ್ದ ಎತ್ತಿ ಬಾಗಿಲು ತೋರಿಸಿದಳು.

"ಓ," ಎಂದಳು ಆಲ್ಮಾ.

ಆ ಓ ಎಂಬುದರ ಹಿಂದೆಯೇ ನೋವೂ ತಿರುಗಿ ಬಂತು, ಬಲವೂ ಬಂತು. ದುರಗವ್ವ ಒಳಗೆ ಓಡಿದಳು. ಗಳಿಗೆಯಲ್ಲಿ ಹೆಣ್ಣುಕೂಸು ಹೊರಬಿದ್ದಿತು. ಸಣ್ಣದು, ಸದ್ದಿಲ್ಲದ್ದು. ಆದರೆ ಎದೆ ಏರಿಳಿಯುತ್ತಿತ್ತು. ಬಾಯಿ ಒರೆಸುತ್ತ ದುರಗವ್ವ, "ಐತಿ, ಐತಿ, ಜೀವಂತ ಐತಿ," ಎಂದು ಪಿಸುಗುಟ್ಟಿದಳು.

ಗದಿಗೆವ್ವ ಸೊಸೆಯ ಹಣೆಯ ಬೆವರು ಒರೆಸಿದಳು. ಅವಳ ಬೆರಳು ಅಲ್ಲಿ ಕಲೆ ಹುಡುಕಿತು. ಮತ್ತೆ ಹುಡುಕಿತು.

"ನೀಲಾ?" ಎಂದಳು. ಯಾರೂ ಓ ಎನ್ನಲಿಲ್ಲ. "ನನ್ನ ನೀಲಾ?"

"ಅತ್ತೀ," ಎಂದಳು ಅವಳು ಮೆಲ್ಲಗೆ. "ನಾ ಆಲ್ಮಾ."

ಗದಿಗೆವ್ವ ಅವಳ ಮುಖವನ್ನು ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ನೋಡಿದಂತೆ ನೋಡಿದಳು. ಅವಳ ಕೊರಳಿನಿಂದ ಬಿಲ್ಲೆ ಬಿಚ್ಚಿ ತನ್ನ ಎದೆಗೊತ್ತಿಕೊಂಡಳು. ಮೂರು ವರ್ಷ ಕಟ್ಟಿ ನಿಲ್ಲಿಸಿದ್ದ ಅಳು ಒಮ್ಮೆಲೇ ಒಡೆಯಿತು.

"ಸತ್ಲೋ! ನನ್ನ ನೀಲಾ ಸತ್ಲೋ! ಸತ್ತಹೋದ್ಲೋ ನನ್ನ ಮಗಳು!"

ಅಯ್ಯೋ, ಹೊರಗೆ ಏನಾಗಿರಬೇಡ! ಊರಿಗೆಲ್ಲ ಈ ಮನೆಯ ಸೊಸೆ ನೀಲಾ ಒಬ್ಬಳೇ. ಕಟ್ಟೆಯ ಮೇಲಿನ ಗಂಡಸರು ಎದ್ದು ನಿಂತು ರುಮಾಲು ತೆಗೆದರು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. "ಕರೀಬಾರದಿತ್ತು, ಹೆಸರು ಹಿಡಿದು ಕರೀಬಾರದಿತ್ತು," ಎಂದು ಒಬ್ಬಳು ಅಂದದ್ದು ಒಳಗಿನವರೆಗೆ ಕೇಳಿಸಿತು.

ಅಂದಪ್ಪನ ದನಿ ಮಾತ್ರ ಕೇಳಿಸಲಿಲ್ಲ. ಬಾಗಿಲಿಗೆ ತಲೆ ಗುದ್ದುವ ಸದ್ದು ಕೇಳಿಸಿತು. ಒಂದು, ಎರಡು, ಮೂರು.

ದುರಗವ್ವ ಕೂಸಿನ ಬೆನ್ನು ತಟ್ಟುವುದರಲ್ಲಿ ಮುಳುಗಿದ್ದಳು. ಗದಿಗೆವ್ವನ ಅಳುವಿನ ಮೇಲೆ ಯಾರ ಮಾತೂ ನಿಲ್ಲುವಂತಿರಲಿಲ್ಲ. ರೀ ಎಂದರೆ ಯಾರಿಗೆ ತಿಳಿಯಬೇಕು? ಓಣಿಯ ಹೆಂಗಸರೆಲ್ಲ ತಮ್ಮ ಗಂಡನಿಗೆ ರೀ ಎನ್ನುವವರೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಎಂದು ಸಣ್ಣಂದಿನಿಂದ ಕೇಳಿದ್ದಳು ಆಲ್ಮಾ. ಈಗ ಹೇಳದಿದ್ದರೆ ಅವನು ಈ ಬಾಗಿಲಲ್ಲೇ ಮುಗಿದುಹೋಗುತ್ತಾನೆ. ಅವಳು ಮೊಣಕೈ ಊರಿ ಎದ್ದಳು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿದಳು.

"ಅಂದಪ್ಪಾ!"

ಗದಿಗೆವ್ವನ ಅಳು ಗಕ್ಕನೆ ನಿಂತಿತು. ಓಣಿ ಸ್ತಬ್ಧವಾಯಿತು. ಬಾಗಿಲಿಗೆ ಗುದ್ದುವ ಸದ್ದೂ ನಿಂತಿತು. ಆ ಮೌನದಲ್ಲಿ ಬಾಗಿಲ ಆಚೆಯಿಂದ, ಮಗುವಿನಂತೆ ಒಡೆದ ಗಂಟಲಿನಲ್ಲಿ ಉತ್ತರ ಬಂತು.

"ಓ."

ಅವಳು ಹಿಂದಕ್ಕೆ ಒರಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು ಬರುತ್ತಿತ್ತು.

"ಅಂದಪ್ಪಾ," ಎಂದು ಮತ್ತೊಮ್ಮೆ ಕರೆದಳು. ಈ ಸಲ ಕರೆಯುವ ಕಾರಣವೇನೂ ಇರಲಿಲ್ಲ.